ನಾವು ಮುಚ್ಚಿಟ್ಟ ಸಂಬಂಧ

ಫೋನು ಬಂದಾಗ ನಾನು ಹಿತ್ತಲ ಜಗಲಿಯಲ್ಲಿ ಕೂತು ಅವರೆಕಾಳು ಹಿತುಕುತ್ತಿದ್ದೆ. ಹಿಂದಿನ ದಿನ ಸುಲಿದು ನೆನೆಹಾಕಿದ್ದ ಕಾಳು ಚೆನ್ನಾಗಿ ಉಬ್ಬಿತ್ತು. ಎರಡು ಬೆರಳಲ್ಲಿ ಒತ್ತಿದರೆ ಸಾಕು, ಬೇಳೆ ಪಾತ್ರೆಗೆ ಹಾರುತ್ತಿತ್ತು, ಸಿಪ್ಪೆ ಕೈಯಲ್ಲಿ ಉಳಿಯುತ್ತಿತ್ತು. ಕೈಯೆಲ್ಲ ಲೋಳೆಯಾಗಿದ್ದರಿಂದ ನನ್ನ ಚಿಕ್ಕ ಮಗಳು ಸಿಂಚನಾ ಫೋನು ಎತ್ತಿ, ಸ್ಪೀಕರ್ ಒತ್ತಿ ನನ್ನ ಮುಖದ ಹತ್ತಿರ ಹಿಡಿದಳು. ಆಗ ಅವಳಿಗೆ ಆರು ವರ್ಷ. ಮೂರು ವಾರಕ್ಕೊಮ್ಮೆ ಯಾರೋ ಪುಣ್ಯಾತ್ಮರು ಕೊಟ್ಟ ರಕ್ತ ಹಾಕಿಸಿಕೊಂಡು ಬದುಕುತ್ತಿದ್ದ ಮಗು. ಹಾಕಿಸಿ ಹದಿನೆಂಟು ದಿನ ಕಳೆದಿತ್ತು, ತುಟಿ ಆಗಲೇ ಬಿಳಿಚಿಕೊಂಡಿತ್ತು.

"ಸಿಂಚನಾ ತಾಯಿನಾ ಮಾತಾಡ್ತಿರೋದು?" ಬೆಂಗಳೂರಿನ ಆಸ್ಪತ್ರೆಯಿಂದ ಒಬ್ಬ ಹೆಣ್ಣುಮಗಳು. "ಅಮ್ಮಾ, ರಿಪೋರ್ಟ್ ಬಂದಿದೆ. ಹೊಂದಿದೆ. ಪೂರ್ತಿ ಹೊಂದಿದೆ."

"ಯಾರದು?" ಅಂದೆ.

"ನಿಮ್ಮದೇ ಅಮ್ಮಾ. ಮಗುವಿಗೆ ಮೂಳೆ ಮಜ್ಜೆ ಕೊಡೋಕೆ ನೀವೇ ಆಗ್ತೀರಿ."

ನಾನು ಬೇಳೆಯ ಪಾತ್ರೆಗೆ ಸಿಪ್ಪೆ ಹಾಕಿದೆ. ಎದುರಿಗೆ ಕೂತು ಹಿತುಕುತ್ತಿದ್ದ ಅಜ್ಜಿಗೆ ಕಿವಿ ಸ್ವಲ್ಪ ಮಂದ. "ಏನಂತೆ? ಬಾಯ್ ಬುಟ್ ಯೋಳಮ್ಮಿ!" ಅಂತ ಗದರಿದಳು. ನನಗಿಂತ ಮೊದಲು ಸಿಂಚು ಹೇಳಿದಳು: "ಅಮ್ಮಂದೇ ನಂಗಾಯ್ತದಂತೆ, ಅಜ್ಜಿ."

ಅಜ್ಜಿ ಕೈಲಿದ್ದ ಕಾಳು ಕೆಳಗಿಟ್ಟಳು. ಎದ್ದು ಕೈ ತೊಳೆದಳು, ಕಾಲು ತೊಳೆದಳು, ಸೆರಗು ಹೊದ್ದು ಪಟ್ಟಲದಮ್ಮನ ಗುಡಿಯ ಕಡೆ ಹೊರಟೇಬಿಟ್ಟಳು. ಐದು ವರ್ಷದಿಂದ ಆ ಗುಡಿಯ ಮೆಟ್ಟಿಲು ತುಳಿಯದೆ ಇದ್ದವಳು.

ಯಾಕೆ ತುಳಿದಿರಲಿಲ್ಲ ಅನ್ನುವುದನ್ನು ಹೇಳಬೇಕಾದರೆ ನಾವು ಮಾಡಿದ ಒಂದು ತಪ್ಪನ್ನೂ ಹೇಳಬೇಕು. ಮಗುವಿಗೆ ರಕ್ತದ ಕಾಯಿಲೆ ಅಂತ ಗೊತ್ತಾಗಿ, ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಯಾರಾದರೂ ಇದನ್ನು ಓದುತ್ತಿದ್ದರೆ, ಆ ತಪ್ಪನ್ನು ನೀವು ಮಾಡದಿರಲಿ ಅಂತಲೇ ಬರೆಯುತ್ತಿದ್ದೇನೆ.

ನನ್ನ ತವರು ಹಲಗೂರಿನ ಹತ್ತಿರ. ನನ್ನನ್ನು ಕೊಟ್ಟದ್ದು ಕೊತ್ತತ್ತಿ ಪಕ್ಕದ ಊರಿಗೆ, ನನ್ನ ಅವ್ವನ ಕೊನೆಯ ತಮ್ಮನಿಗೆ. ನಮ್ಮ ಕಡೆ ಇದು ಹೊಸದೇನಲ್ಲ. ಹಾಗಾಗಿ ನನ್ನ ಅತ್ತೆ ಅಂದರೆ ನನ್ನ ಅವ್ವನನ್ನು ಹೆತ್ತ ಅಜ್ಜಿಯೇ. ನಾನೂ ಅಜ್ಜಿ ಅಂತೀನಿ, ನನ್ನ ಮಕ್ಕಳೂ ಅಜ್ಜಿ ಅಂತಾರೆ. ಯಜಮಾನರನ್ನು ಚಿಕ್ಕಂದಿನಿಂದ ಮಾವ ಅಂತ ಕರೆದ ಬಾಯಿ, ಈಗಲೂ ಮಾವ ಅಂತಲೇ ಕರೆಯುತ್ತದೆ. ಈ ಮದುವೆಗೆ ಹಟ ಹಿಡಿದವಳು ಅಜ್ಜಿ. ಮನಸ್ಸಿನ ಸಮಾಧಾನಕ್ಕೆ ಪಟ್ಟಲದಮ್ಮನಲ್ಲಿ ಹೂವನ್ನೂ ಕೇಳಿಸಿದ್ದಳು. ಅಮ್ಮ ಬಲಗಡೆಯ ಹೂ ಕೊಟ್ಟಳು, ಅಂದರೆ ಒಪ್ಪಿಗೆ. ಮದುವೆಯಾಯಿತು.

ದೊಡ್ಡ ಮಗಳು ಹರ್ಷಿತಾ ಗುಂಡುಕಲ್ಲಿನ ಹಾಗೆ ಬೆಳೆದಳು. ಅವಳಾದ ಮೂರು ವರ್ಷಕ್ಕೆ ಸಿಂಚು ಹುಟ್ಟಿದಳು. ಎಂಟು ತಿಂಗಳಿಗೆ ಮಗು ಬಿಳಿಚಿಕೊಂಡು, ಹಾಲು ಕುಡಿಯುತ್ತಲೇ ಸುಸ್ತಾಗಿ ನಿದ್ದೆ ಹೋಗುತ್ತಿತ್ತು. ಹಲ್ಲು ಬರುವ ಹೊತ್ತು ಅಂತ ನಾವು ಸುಮ್ಮನಿದ್ದೆವು. ಹೊಟ್ಟೆ ಗಟ್ಟಿಯಾಗಿ ಉಬ್ಬಿದಾಗ ಮಂಡ್ಯಕ್ಕೆ ಎತ್ತಿಕೊಂಡು ಓಡಿದೆವು. ರಕ್ತ ತೆಗೆದರು, ನಮ್ಮಿಬ್ಬರದನ್ನೂ ತೆಗೆದರು. ವಾರ ಬಿಟ್ಟು ಹೋದಾಗ ಡಾಕ್ಟರು ಕಾಗದ ನೋಡಿ, ಥಲಸ್ಸೇಮಿಯಾ ಅಂದರು. ಗಂಡ ಹೆಂಡತಿ ಇಬ್ಬರಲ್ಲೂ ಅದರ ಗುಣ ಇದೆ, ನಿಮಗೆ ತೊಂದರೆ ಕೊಡದೆ ಮಗುವಿಗೆ ಇಳಿದಿದೆ ಅಂದರು. ಆಮೇಲೆ ಕೇಳಿದರು, "ಸಂಬಂಧದಲ್ಲಿ ಮದುವೆಯಾ?"

"ಹೂಂ ಸಾರ್, ಸೋದರಮಾವ," ಅಂದೆ.

ಅವರಿಗೆ ಅವತ್ತು ಎಷ್ಟು ಜನ ಬಂದಿದ್ದರೋ, ಏನು ದಣಿವೋ, ಎಲ್ಲರೆದುರು ಬೈದುಬಿಟ್ಟರು. ಓದಿದವರಾಗಿ ಇದು ಬೇಕಿತ್ತಾ, ಮಗುವಿಗೆ ನೀವೇ ಮಾಡಿದ ಅನ್ಯಾಯ ಇದು ಅಂದರು. ಹಿಂದೆ ಸಾಲಿನಲ್ಲಿ ನಿಂತಿದ್ದವರೆಲ್ಲ ನಮ್ಮ ಮುಖ ನೋಡಿದರು. ಮಾವ ಊರಿನ ಹಾಲಿನ ಡೈರಿಯಲ್ಲಿ ಹಾಲು ಪರೀಕ್ಷೆ ಮಾಡುವ ಕೆಲಸದವರು. ಊರಲ್ಲಿ ತಲೆಯೆತ್ತಿ ನಡೆಯುವ ಮನುಷ್ಯ. ಅವತ್ತು ಬಸ್‌ ಸ್ಟ್ಯಾಂಡಿನವರೆಗೆ ತಲೆ ಎತ್ತಲಿಲ್ಲ.

ಮನೆಗೆ ಬಂದು ಹೇಳಿದಾಗ ಅಜ್ಜಿ ಒಲೆ ಮುಂದೆ ಕೂತಿದ್ದಳು. ಎಲ್ಲ ಕೇಳಿಸಿಕೊಂಡು ಒಂದೇ ಮಾತಂದಳು. "ಬಲಗಡೆ ಊ ಕೊಟ್ಳಲ್ಲ ಅವ್ಳು." ಅಲ್ಲಿಂದ ಅಜ್ಜಿ ಗುಡಿಗೆ ಹೋಗುವುದನ್ನು ಬಿಟ್ಟಳು. ಆರತಿ ನಾನೇ ತೆಗೆದುಕೊಂಡು ಹೋಗುತ್ತಿದ್ದೆ. ನನಗೆ ಅಮ್ಮನ ಮೇಲೆ ಸಿಟ್ಟು ಬರಲಿಲ್ಲ. ಸಿಟ್ಟು ಮಾಡಿಕೊಂಡು ಎಲ್ಲಿಗೆ ಹೋಗಲಿ? ನನಗೆ ಬೇರೆ ಬಾಗಿಲಿರಲಿಲ್ಲ.

ಆಮೇಲಿನ ಐದು ವರ್ಷ ಮೂರು ವಾರಕ್ಕೊಮ್ಮೆ ಮಂಡ್ಯ. ಬೆಳಿಗ್ಗೆ ಹೋದರೆ ಸಂಜೆ ವಾಪಸ್ಸು. ಅಲ್ಲಿ ರೋಗಿಗಳು ಕಾಯುವ ಕೋಣೆ ನಮಗೆ ಇನ್ನೊಂದು ಮನೆಯಾಯಿತು. ಯಾವ ಫ್ಯಾನು ತಿರುಗುತ್ತದೆ, ಯಾವ ನಲ್ಲಿಯಲ್ಲಿ ನೀರು ಬರುತ್ತದೆ, ಯಾವ ಸಿಸ್ಟರ ಕೈಗೆ ಮಗುವಿನ ನರ ಬೇಗ ಸಿಗುತ್ತದೆ ಅನ್ನುವುದೆಲ್ಲ ಬಾಯಿಪಾಠ. ಮೊದಲ ಸಲ ಚುಚ್ಚಿದಾಗಲೇ ನರ ಸಿಕ್ಕಿದ ದಿನ ನಾನು ಮನೆಗೆ ಬಂದು ಒಂದು ದೀಪ ಹೆಚ್ಚು ಹಚ್ಚುತ್ತಿದ್ದೆ. ರಕ್ತ ಹಾಕಿದ ಸಂಜೆ ಮಗುವಿನ ಕೆನ್ನೆಗೆ ಬಣ್ಣ ಬರುತ್ತಿತ್ತು, ಬಸ್ಸಿನಲ್ಲಿ ಕಿಟಕಿ ಪಕ್ಕ ಬೇಕು ಅಂತ ಜಗಳ ತೆಗೆಯುತ್ತಿದ್ದಳು. ಆ ಜಗಳ ನನಗೆ ದೇವರು ಕೊಟ್ಟ ಪ್ರಸಾದ.

ಆ ಬೆಂಚಿನಲ್ಲೇ ಜಯಮ್ಮ ಸಿಕ್ಕಿದರು. ಹಲಗೂರಿನಾಚೆಯ ಊರಿನವರು, ನನ್ನ ತವರು ಕಡೆ ಅಂತ ಬೇಗ ಹತ್ತಿರವಾದರು. ಅವರ ಮಗಳಿಗೂ ಇದೇ ಕಾಯಿಲೆ. ಅವರು ಮದುವೆಯಾದದ್ದು ಸೋದರತ್ತೆಯ ಮಗನನ್ನು. ಹೊಸ ಡಾಕ್ಟರು ಬಂದಾಗಲೆಲ್ಲ ಇದನ್ನು ಕೇಳುತ್ತಾರೆ, ಏನು ಹೇಳಲಿ ಅಂತ ಅವರು ನನ್ನನ್ನು ಕೇಳಿದರು.

"ಒರಗಿನ ಸಂಬಂಧ ಅಂತ ಯೋಳ್ಬುಡಿ ಅಕ್ಕ. ನಿಜ ಯೋಳುದ್ರೆ ಎಲ್ರೆದ್ರೂ ಬೈತಾರೆ," ಅಂದೆ ನಾನು. ಬುದ್ಧಿವಂತಿಕೆಯ ಮಾತು ಹೇಳಿದೆ ಅಂತಲೇ ಅಂದುಕೊಂಡಿದ್ದೆ.

ನಾವೂ ಅದನ್ನೇ ಮಾಡಿದ್ದು. ಸಿಂಚುಗೆ ಐದು ತುಂಬಿದಾಗ, ರಕ್ತ ಹುಟ್ಟಿಸುವ ಮಜ್ಜೆ ಬದಲಿಸಿದರೆ ಕಾಯಿಲೆ ಪೂರ್ತಿ ಹೋಗುವ ಅವಕಾಶವಿದೆ, ತಡ ಮಾಡಿದಷ್ಟೂ ಮೈಯಲ್ಲಿ ಕಬ್ಬಿಣ ಕೂತು ಕಷ್ಟವಾಗುತ್ತದೆ ಅಂತ ಹೇಳಿ ಬೆಂಗಳೂರಿಗೆ ಕಳಿಸಿದರು. ಅಲ್ಲಿ ಒಂದು ಫಾರಂ ತುಂಬಿಸಿಕೊಂಡರು. ಸಂಬಂಧದಲ್ಲಿ ಮದುವೆಯೇ ಅಂತ ಕೇಳಿದ ಕಡೆ ಮಾವ, "ಇಲ್ಲ ಮೇಡಂ, ಹೊರಗಿನವರು," ಅಂದುಬಿಟ್ಟರು. ನಾನು ಸೆರಗು ಸರಿಮಾಡಿಕೊಳ್ಳುತ್ತ ಸುಮ್ಮನೆ ಕೂತಿದ್ದೆ. ಹರ್ಷಿತಾಳ ಕೆನ್ನೆಯ ಒಳಗೆ ಹತ್ತಿಕಡ್ಡಿ ಆಡಿಸಿ, ಅಕ್ಕನ ಮಜ್ಜೆ ತಂಗಿಗೆ ಹೊಂದುತ್ತದೋ ನೋಡಲು ಪರೀಕ್ಷೆಗೆ ಕಳಿಸಿದರು. ಅಪ್ಪ ಅಮ್ಮಂದಿರದು ಸಾಮಾನ್ಯವಾಗಿ ಅರ್ಧವೇ ಹೊಂದುವುದಂತೆ, ಅದಕ್ಕೆ ನಮ್ಮದನ್ನು ಆಗ ತೆಗೆಯಲಿಲ್ಲ.

ಹರ್ಷಿತಾಳದು ಹೊಂದಲಿಲ್ಲ. ಅದನ್ನು ಕೇಳಿ ಆ ಮಗು ಎರಡು ದಿನ ಊಟ ಬಿಟ್ಟಿತು. ಮೂರನೇ ದಿನ ನನ್ನ ಪಕ್ಕ ಬಂದು ಕೂತು, "ಅಮ್ಮ, ನಾನು ಅವ್ಳ ಕಲರ್ ಪೆನ್ಸಿಲ್ ಕಿತ್ಕೊಂಡಿದ್ನಲ್ಲ, ಅದ್ಕಾ?" ಅಂದಳು. ಅವತ್ತು ನಾನು ಅತ್ತ ಹಾಗೆ ಕಾಯಿಲೆಯ ಹೆಸರು ಕೇಳಿದ ದಿನವೂ ಅತ್ತಿರಲಿಲ್ಲ.

ಅಲ್ಲಿಂದ ಒಂದು ವರ್ಷ ಸುಮ್ಮನೆ ಹೋಯಿತು. ಹೊರಗಿನ ದಾನಿಗಳ ಪಟ್ಟಿಯಲ್ಲಿ ಹುಡುಕುತ್ತಿದ್ದಾರೆ ಅಂತ ಕಾದೆವು. ಯಾರೂ ಸಿಗಲಿಲ್ಲ. ಸಿಂಚುವಿನ ಲಿವರ್ ದೊಡ್ಡದಾಗುತ್ತಿತ್ತು.

ಒಂದು ಸಲ ಬೆಂಗಳೂರಿಗೆ ಹೊರಟಾಗ ಅಜ್ಜಿ ತಾನೂ ಬರುತ್ತೇನೆ ಅಂತ ಹಟ ಮಾಡಿದಳು. ಮಂಡ್ಯದಲ್ಲಿ ರೈಲು ಹತ್ತಿದೆವು. ಸಿಂಚು ಹನಕೆರೆ ಬಂತು, ಮದ್ದೂರು ಬಂತು ಅಂತ ಅಜ್ಜಿಗೆ ಊರು ತೋರಿಸುತ್ತ ಹೋದಳು. ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಕಂಪ್ಯೂಟರು ನೋಡುತ್ತ, ಅರ್ಧ ಹೊಂದುವ ಮಜ್ಜೆಯಿಂದಲೂ ಮಾಡಬಹುದು, ಆದರೆ ಅಪಾಯ ಹೆಚ್ಚು ಅಂತ ನಿಧಾನವಾಗಿ ವಿವರಿಸುತ್ತಿದ್ದರು. ನಡುವೆ, "ನೀವು ಹೊರಗಿನ ಸಂಬಂಧ ಅಲ್ವಾ, ಅದಕ್ಕೆ ಮನೆಯೊಳಗೆ ಪೂರ್ತಿ ಹೊಂದೋದು ಇನ್ನು ಕಷ್ಟ," ಅಂದರು.

ಮೂಲೆಯಲ್ಲಿ ಕೂತಿದ್ದ ಅಜ್ಜಿ ಕತ್ತೆತ್ತಿದಳು. "ಯಾರವ್ವ ಒರಗ್ನೋರು?"

ಮಾವ ಅಜ್ಜಿಯ ಕೈ ಚಿವುಟಿದರು. ಅದು ಇನ್ನೂ ಕೆಟ್ಟಿತು.

"ಯಾಕ್ಲಾ ಚಿವುಟ್ತೀಯ? ಡಾಕ್ಟ್ರಮ್ಮ, ಇವ್ನು ನನ್ ಮಗ. ಇವ್ಳು ನನ್ ಮಗಳ ಮಗಳು. ಇವ್ನಿಗೆ ಸ್ವಂತ ಅಕ್ಕನ ಮಗಳು. ಗಂಟಾಕ್ದೋಳು ನಾನು. ಬೈಯಂಗಿದ್ರೆ ನನ್ ಬಯ್ಯಿ, ಆ ಮಕ್ಳನ್ನ ಬೈಬ್ಯಾಡ." ಆಮೇಲೆ ಮಗನ ಕಡೆ ತಿರುಗಿ, "ಊರೋರ್ ಆಲ್ಗೆ ಒಂದ್ ಲೋಟ ನೀರ್ ಬೆರ್ಸುದ್ರೆ ಕಂಡಿಡೀತೀಯ. ನೀನ್ ಮಾತ್ರ ಇಷ್ಟ್ ದೊಡ್ ಸುಳ್ ಬೆರ್ಸ್‌ಬೌದು, ಅಲ್ವೇನ್ಲಾ?" ಅಂದಳು.

ನಾನು ಕಣ್ಣು ಮುಚ್ಚಿಕೊಂಡೆ. ಈಗ ಬೈತಾರೆ ಅಂತ. ಡಾಕ್ಟರಮ್ಮ ಬೈಯಲಿಲ್ಲ. ಕುರ್ಚಿಯನ್ನು ಅಜ್ಜಿಯ ಕಡೆ ಎಳೆದುಕೊಂಡರು. "ಅಜ್ಜಿ, ಇದನ್ನ ಮೊದಲೇ ಹೇಳಬೇಕಿತ್ತು. ಇಬ್ಬರಿಗೂ ನಿಮ್ಮಿಂದಲೇ ಬಂದ ಭಾಗ ಇರುತ್ತೆ. ಇಂಥ ಮನೇಲಿ ಅಪ್ಪನದ್ದೋ ಅಮ್ಮನದ್ದೋ ಮಗುವಿಗೆ ಪೂರ್ತಿ ಹೊಂದೋ ಸಾಧ್ಯತೆ ಇದೆ. ಈಗಲೇ ಇಬ್ಬರದೂ ತಗೊಳ್ಳೋಣ."

"ಅಂದ್ರೆ ನಾನ್ ಮಾಡಿದ್ ಗಂಟ್ನಿಂದ್ಲೇ...?" ಅಂತ ಶುರುಮಾಡಿದ ಅಜ್ಜಿ ಮಾತು ಮುಗಿಸಲಿಲ್ಲ. ಡಾಕ್ಟರಮ್ಮ, "ನೋಡೋಣ. ಆಸೆ ಇಟ್ಕೊಳ್ಳಿ, ಖಾತ್ರಿ ಇಟ್ಕೋಬೇಡಿ," ಅಂದರು.

ಆ ರಿಪೋರ್ಟಿನ ಫೋನೇ ಅವರೆಕಾಳು ಹಿತುಕುವಾಗ ಬಂದದ್ದು.

ಅವತ್ತು ಅಜ್ಜಿ ಗುಡಿಯಿಂದ ಬಂದಾಗ ಹಣೆಯಲ್ಲಿ ಕುಂಕುಮವಿತ್ತು. "ಕೈ ಮುಗಿಯಕ್ಕೋಗಿದ್ದಾ?" ಅಂತ ಮಾವ ಕೇಳಿದರು. "ಬೈಯ್ಯಕ್ಕೋಗಿದ್ದೆ. ಆ ಊ ಕೊಡೋವಾಗ್ಲೇ ಇದ್ನೂ ಬಾಯ್ ಬುಟ್ ಯೋಳಿದ್ರೆ ನಿನ್ ಗಂಟೇನೋಯ್ತಿತ್ತು ಅಂದೆ," ಅಂದಳು ಅಜ್ಜಿ. ಅಷ್ಟು ವರ್ಷಕ್ಕೆ ಮೊದಲ ಸಲ ನಮ್ಮ ಮನೆಯಲ್ಲಿ ಎಲ್ಲರೂ ಒಟ್ಟಿಗೆ ನಕ್ಕೆವು. ಅರ್ಧ ಹಿತುಕಿದ ಕಾಳು ಜಗಲಿಯಲ್ಲೇ ಉಳಿದು ಮಾರನೆಯ ದಿನಕ್ಕೆ ಹುಳಿ ವಾಸನೆ ಹೊಡೆಯಿತು. ಎಮ್ಮೆಗೆ ಹಾಕಿದೆ.

ನಾನು ಆಮೇಲೆ ಮಾಡಿದ ಮೊದಲ ಕೆಲಸ ಜಯಮ್ಮನಿಗೆ ಫೋನು ಮಾಡಿದ್ದು. "ಅಕ್ಕ, ನಾನ್ ನಿಮ್ಗೆ ತಪ್ ಯೋಳ್ಕೊಟ್ಟೆ. ಸಂಬಂಧ ಅಂತ್ಲೇ ಯೋಳಿ. ನಿಮ್ಮಿಬ್ರುದ್ದೂ, ಮನೆಯೋರ್‌ದೆಲ್ಲಾ ನೋಡ್ಸಿ," ಅಂದೆ. "ಬುಡವ್ವ, ನೀನೇನ್ ಬೇಕೂಂತ ಯೋಳಿದ್ದಾ? ನಾಳಿಕೇ ಓಯ್ತೀವಿ," ಅಂದರು. ಅವರ ಒಳ್ಳೆಯತನ ದೊಡ್ಡದು.

ಆಸ್ಪತ್ರೆಗೆ ಸೇರುವ ಹೊತ್ತಿಗೆ ಯಾವ ಯಾವ ದಯವಂತರೋ ಸೇರಿ ಖರ್ಚಿನ ಬಹುಪಾಲು ಹೊತ್ತರು. ಅವರ ಹೆಸರು ಕೂಡ ನನಗೆ ಪೂರ್ತಿ ಗೊತ್ತಿಲ್ಲ. ಅಮ್ಮ ಅವರನ್ನು ಚೆನ್ನಾಗಿಟ್ಟಿರಲಿ.

ಮೊದಲು ಹತ್ತು ದಿನ ಮಗುವಿನ ಹಳೆಯ ಮಜ್ಜೆಯನ್ನು ಔಷಧಿಯಿಂದ ಸುಟ್ಟುಹಾಕಿದರು. ಅದರ ವಿವರ ನಾನು ಬರೆಯುವುದಿಲ್ಲ, ನಿಮ್ಮ ಡಾಕ್ಟರು ಹೇಳುತ್ತಾರೆ. ಅಮ್ಮನಾಗಿ ನಾನು ಕಂಡದ್ದು ಇಷ್ಟು: ನೆಲಕ್ಕೆ ಬಿದ್ದ ಚಿಕ್ಕ ಚಿಕ್ಕ ಕೂದಲು, ಬಾಯೊಳಗೆಲ್ಲ ಹುಣ್ಣು, ನೀರು ನುಂಗುವುದಕ್ಕೂ ಹೆದರುವ ಕಣ್ಣು. ಗಾಜಿನ ಬಾಗಿಲಿನ ಆ ಕೋಣೆಗೆ ಒಬ್ಬರಿಗೇ ಪ್ರವೇಶ. ಹೂವಿಲ್ಲ, ಕುಂಕುಮವಿಲ್ಲ, ತೀರ್ಥವಿಲ್ಲ. ನೀರು ಕುದಿಸಿದ್ದು, ಅನ್ನ ಕುಕ್ಕರಿನದು. ಅಮ್ಮನ ಒಂದು ಹೂವಿನ ಎಸಳನ್ನಾದರೂ ದಿಂಬಿನ ಕೆಳಗೆ ಇಡಬೇಕು ಅಂತ ನನಗೆ ಎಷ್ಟು ಆಸೆಯಾಗಿತ್ತೋ! ಇಡಲಿಲ್ಲ. ಒಮ್ಮೆ ಸುಳ್ಳು ಹೇಳಿ ಒಂದು ವರ್ಷ ಕಳೆದಿದ್ದೆ. ಇನ್ನು ಆ ಡಾಕ್ಟರಮ್ಮನಿಗೆ ಗೊತ್ತಿಲ್ಲದೆ ಏನನ್ನೂ ಮಾಡುವುದಿಲ್ಲ ಅಂತ ಆಣೆ ಮಾಡಿಕೊಂಡಿದ್ದೆ.

ಮಜ್ಜೆ ಕೊಡುವ ದಿನ ಬೆಳಿಗ್ಗೆ ನನಗೆ ಮತ್ತು ಬರಿಸಿ ಸೊಂಟದ ಹಿಂದಿನ ಮೂಳೆಯಿಂದ ತೆಗೆದರು. ಎಚ್ಚರವಾದಾಗ ಅಟ್ಟದ ಮೇಲಿಂದ ಬಿದ್ದು ಸೊಂಟ ಉಳುಕಿದ ಹಾಗಿತ್ತು. ಕೊಡುವವರು ಹೆದರಬೇಡಿ, ಅದಕ್ಕಿಂತ ಹೆಚ್ಚಿಲ್ಲ. ಹೆರಿಗೆಯ ಮುಂದೆ ಅದು ಏನೂ ಅಲ್ಲ. ಮಧ್ಯಾಹ್ನ ಗಾಲಿಕುರ್ಚಿಯಲ್ಲಿ ಕೂರಿಸಿಕೊಂಡು ಗಾಜಿನ ಬಾಗಿಲಿನ ಹತ್ತಿರ ಕರೆದುಕೊಂಡು ಹೋದರು. ಒಳಗೆ ಮಾವ ಮಾಸ್ಕು ಹಾಕಿಕೊಂಡು ಕೂತಿದ್ದರು. ಮಗುವಿನ ತಲೆಯ ಪಕ್ಕ ಒಂದು ಚೀಲ ತೂಗುಹಾಕಿದ್ದರು, ನೋಡುವುದಕ್ಕೆ ಇಷ್ಟು ವರ್ಷ ನೋಡಿದ ರಕ್ತದ ಚೀಲದ ಹಾಗೇ. ಸಿಂಚು ಅದನ್ನು ನೋಡಿ, ಅಪ್ಪನನ್ನು ನೋಡಿ, "ಇಷ್ಟೇನಾ?" ಅಂದಳಂತೆ. ಇಷ್ಟೇ. ಸಂಜೆಯ ಹೊತ್ತಿಗೆ ಚೀಲ ಖಾಲಿಯಾಗಿತ್ತು.

ನಾಲ್ಕನೇ ದಿನದಿಂದ ನಾನು ಒಳಗೆ, ಮಾವ ಹೊರಗೆ. ಆಮೇಲಿನದು ಕಾಯುವ ಕೆಲಸ. ಹೊಸ ಮಜ್ಜೆ ಕೂತಿತೋ ಇಲ್ಲವೋ ಅನ್ನುವುದು ರಕ್ತದ ಒಂದು ಲೆಕ್ಕದಿಂದ ಗೊತ್ತಾಗಬೇಕು. ಎಲ್ಲರೂ ಅದನ್ನು ಕೌಂಟು ಅನ್ನುತ್ತಿದ್ದರು. ಸಿಸ್ಟರು ಬೆಳಿಗ್ಗೆ ಬಂದು ತಲೆ ಅಲ್ಲಾಡಿಸುತ್ತಿದ್ದರು. ಏನೂ ಇಲ್ಲ. ಮಾರನೆ ದಿನವೂ ಇಲ್ಲ. ಹನ್ನೊಂದನೇ ದಿನ ಮಧ್ಯಾಹ್ನ ಜ್ವರ ಏರಿತು. ಮಗು ಕಣ್ಣು ಬಿಡಲಿಲ್ಲ. ಮೂರು ಜನ ಡಾಕ್ಟರು ಒಳಗೆ ಬಂದರು. ನನ್ನನ್ನು ಗೋಡೆಯ ಕಡೆ ನಿಲ್ಲಿಸಿದರು. "ಅಮ್ಮಾ ತಾಯಿ, ನನ್ನದು ಕೊಟ್ಟಿದ್ದೇನೆ, ಇನ್ನು ನಿನ್ನದು," ಅಂದೆ. ಬೇರೆ ಮಂತ್ರ ನನಗೆ ಬರುವುದಿಲ್ಲ.

ಆ ಸಂಜೆಯೇ ಫೋನು ಹೊಡೆದುಕೊಂಡಿತು. ವಿಡಿಯೋ ಕಾಲ್. ಹರ್ಷಿತಾ ಫೋನು ಹಿಡಿದು ಅಜ್ಜಿಯ ಜೊತೆ ಗುಡಿಯಲ್ಲಿ ನಿಂತಿದ್ದಳು, ಮಂಗಳಾರತಿಯ ಹೊತ್ತು. "ಕೂಸ್ಗೆ ತೋರ್ಸು, ಇದಕ್ ಯಾವ್ ಡಾಕ್ಟ್ರೂ ಬ್ಯಾಡ ಅನ್ನಕಿಲ್ಲ," ಅಂತ ಅಜ್ಜಿಯ ದನಿ. ಅಲ್ಲಿ ನೆಟ್‌ವರ್ಕ್ ಸಿಗದೆ ಚಿತ್ರ ನಿಂತು ನಿಂತು ಬರುತ್ತಿತ್ತು. ಕೊನೆಗೆ ಅಮ್ಮನ ಮೂಗುತಿ ಒಂದೇ ಪರದೆ ತುಂಬ ನಿಂತುಬಿಟ್ಟಿತು. ನಾನು ಅದನ್ನೇ ಮಗುವಿನ ಮುಖದ ಮುಂದೆ ಹಿಡಿದೆ. ಸಿಂಚು ಒಂದು ಕಣ್ಣು ತೆರೆದು, "ಮೂಗ್ ಮಾತ್ರ ಕಾಣ್ತದೆ," ಅಂದಳು. ಬೆಳಿಗ್ಗೆಯಿಂದ ಅವಳು ಆಡಿದ ಮೊದಲ ಮಾತು.

ಜ್ವರ ಇಳಿಯುವುದಕ್ಕೆ ಮೂರು ದಿನ ಹಿಡಿಯಿತು, ಔಷಧಿಯಿಂದಲೇ ಇಳಿಯಿತು. ಅದನ್ನು ಬಲ್ಲೆ. ಔಷಧಿ ಕಂಡುಹಿಡಿದ ಕೈಯನ್ನೂ ಅಮ್ಮನೇ ಕಳಿಸಿದ್ದು ಅಂತ ನಾನು ನಂಬುತ್ತೇನೆ. ಹದಿನೇಳನೇ ದಿನ ಬೆಳಿಗ್ಗೆ ಸಿಸ್ಟರು ತಲೆ ಅಲ್ಲಾಡಿಸಲಿಲ್ಲ. ಬಾಗಿಲಿನ ಗಾಜಿಗೆ ಒಂದು ಚೀಟಿ ಅಂಟಿಸಿ ಹೆಬ್ಬೆರಳು ತೋರಿಸಿದರು. ಕೌಂಟು ಬಂದಿತ್ತು. ಹೊರಗೆ ಕಾರಿಡಾರಿನಲ್ಲಿ ನಿಂತಿದ್ದ ಮಾವ ಆ ಚೀಟಿಯನ್ನು ಓದಿ, ಅಲ್ಲೇ ನೆಲದ ಮೇಲೆ ಕುಕ್ಕುರುಗಾಲಿನಲ್ಲಿ ಕೂತು, ಟವೆಲ್ಲಿನಿಂದ ಮುಖ ಮುಚ್ಚಿಕೊಂಡರು. ಮಂಡ್ಯದ ಬಸ್‌ ಸ್ಟ್ಯಾಂಡಿನವರೆಗೆ ತಗ್ಗಿದ್ದ ಆ ತಲೆ ನೆನಪಾಯಿತು. ಆಮೇಲೆ ಎದ್ದು ನಿಂತು, ಗಾಜಿನಾಚೆಯಿಂದ ನಮ್ಮಿಬ್ಬರಿಗೂ ಕೈ ಬೀಸಿದರು.

ಆಸ್ಪತ್ರೆಯ ಹತ್ತಿರ ಒಂದು ಕೋಣೆ ಹಿಡಿದು ತಿಂಗಳುಗಟ್ಟಲೆ ಇದ್ದೆವು. ನಡುವೆ ಚರ್ಮದ ಮೇಲೆ ದದ್ದು ಎದ್ದು ಮತ್ತೆ ಹೆದರಿದೆವು, ಅದೂ ಇಳಿಯಿತು. ಎಲ್ಲರಿಗೂ ಹೀಗೇ ಆಗುತ್ತದೆ ಅಂತ ನಾನು ಹೇಳಲಾರೆ. ಪಕ್ಕದ ಕೋಣೆಯ ಒಂದು ಮಗು ಮನೆಗೆ ಹೋಗಲಿಲ್ಲ. ಆ ತಾಯಿ ಹೊರಡುವಾಗ ಸಿಂಚುಗೆ ಅಂತ ಒಂದು ಹೊಸ ಟೋಪಿ ಕೊಟ್ಟು ಹೋದರು. ಅದು ನಮ್ಮ ದೇವರ ಕೋಣೆಯಲ್ಲಿದೆ.

ಈಗ ಎರಡು ವರ್ಷ ಆಗುತ್ತ ಬಂತು. ಸಿಂಚುಗೆ ಮತ್ತೆ ಯಾರ ರಕ್ತವೂ ಬೇಕಾಗಿಲ್ಲ. ಹೊಸ ಕೂದಲು ಗುಂಗುರಾಗಿ ಬಂದಿದೆ. ನನ್ನಲ್ಲಿರುವ ಆ ಗುಣ ಅವಳಲ್ಲೂ ಇರುತ್ತದಂತೆ, ನನ್ನ ಹಾಗೇ ಅದರಿಂದ ತೊಂದರೆಯಿಲ್ಲದೆ ಬದುಕಬಹುದಂತೆ. ಜಯಮ್ಮನ ಮನೆಯಲ್ಲಿ ಈವರೆಗೆ ನೋಡಿದ ನಾಲ್ಕು ಜನರದು ಹೊಂದಿಲ್ಲ, ಇನ್ನೂ ಮೂವರದು ಬಾಕಿ. ದೀಪ ಹಚ್ಚುವಾಗ ಅವರ ಮಗಳ ಹೆಸರನ್ನೂ ಸೇರಿಸುತ್ತೇನೆ.

ಮೊನ್ನೆ ನಮ್ಮ ದಾಯಾದಿಯೊಬ್ಬರು ಮಗಳನ್ನು ಹೆಂಡತಿಯ ತಮ್ಮನಿಗೇ ಕೊಡುತ್ತೇವೆ ಅಂತ ಶಾಸ್ತ್ರಕ್ಕೆ ಕರೆಯಲು ಬಂದಿದ್ದರು. ಅಜ್ಜಿ ನನ್ನ ಜೊತೆ ಜಗಲಿಯಲ್ಲಿ ಅವರೆಕಾಳು ಹಿತುಕುತ್ತಿದ್ದಳು. ತಲೆಯೆತ್ತದೆ ಕೇಳಿದಳು, "ಇಬ್ರುದ್ದೂ ರಕ್ತ ನೋಡ್ಸುದ್ರಾ?"

"ಜಾತಕ ನೋಡ್ಸಿವ್ನಿ, ದೊಡ್ಡವ್ವ. ಊನೂ ಕೇಳ್ಸಿವ್ನಿ. ಬಲಗಡೆ ಆಯ್ತು."

"ಊ ನಂಗೂ ಬಲಗಡೇನೇ ಕೊಟ್ಟಿದ್ಲು ಕಣ್ಲಾ. ಅವ್ಳ್ ಕೆಲ್ಸ ಅವ್ಳು ಮಾಡವ್ಳೆ, ನಿನ್ ಕೆಲ್ಸ ನೀನ್ ಮಾಡು. ನಾಳಿಕೆ ಇಬ್ರನ್ನೂ ಮಂಡ್ಯಕ್ ಕರ್ಕೊಂಡೋಗು. ಆ ಚೀಟಿ ತಂದ್ ತೋರ್ಸು, ಆಮೇಕೆ ನಾನ್ ಶಾಸ್ತ್ರಕ್ ಬತ್ತೀನಿ."

ಅವರು ನನ್ನ ಮುಖ ನೋಡಿದರು. ನಾನು, "ಓಗ್ಬನ್ನಿ ಭಾವ. ಕೇಳುದ್ರೆ ಸಂಬಂಧ ಅಂತ್ಲೇ ಯೋಳಿ," ಅಂದೆ. ಅವರು ಕಾಫಿ ಕುಡಿದು, ಹೂಂ ಅಂತಲೂ ಅನ್ನದೆ, ಇಲ್ಲ ಅಂತಲೂ ಅನ್ನದೆ ಎದ್ದು ಹೋದರು.

ಸಿಂಚು ಸ್ಕೂಲಿನಿಂದ ಬಂದವಳೇ ಕೈ ತೊಳೆದು ನಮ್ಮ ನಡುವೆ ಕೂತಳು. ಒಂದು ಕಾಳು ಒತ್ತಿದಳು. ಬೇಳೆ ಹಾರಿ ಅಜ್ಜಿಯ ಕೆನ್ನೆಗೆ ಬಿತ್ತು. "ಪಾತ್ರೆ ಅಲ್ಲಿ ಅದೆ, ಇದು ನನ್ ಮೊಕ ಕಣಮ್ಮಿ," ಅಂತ ಅಜ್ಜಿ ಬೈದಳು. ಇನ್ನೂ ಅರ್ಧ ಬೋಗುಣಿ ಉಳಿದಿತ್ತು. ಈ ಸಲ ಅದನ್ನು ಎಮ್ಮೆಗೆ ಹಾಕುವ ಹಾಗಿಲ್ಲ. ನಾನು ಬೋಗುಣಿಯನ್ನು ಮಡಿಲಿಗೆ ಎಳೆದುಕೊಂಡು, ಉಳಿದ ಕಾಳು ಹಿತುಕುವುದಕ್ಕೆ ಕೂತೆ.